ಗಾಳಿಗೂ ಒಂದು ಚರಿತ್ರೆಯಿದೆ

ಈಚೆಗೆ ನಮ್ಮ ಸಂಘದ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಹವೆಯ ಏರುಪೇರಿನ ಮಾತು ಬಂತು. ಹಿರಿಯ ಮಿತ್ರರೊಬ್ಬರು, "ಭೂಮಿ ಇಂಥ ಎಷ್ಟು ಬದಲಾವಣೆಗಳನ್ನು ಕಂಡಿಲ್ಲ? ತನ್ನನ್ನು ತಾನೇ ನೋಡಿಕೊಳ್ಳುತ್ತದೆ, ಬಿಡಿ" ಎಂದರು. ಅವರ ಮಾತಿನ ಮೊದಲರ್ಧವನ್ನು ಒಪ್ಪತಕ್ಕದ್ದೇ. ಉಳಿದರ್ಧದ ಬಗ್ಗೆ ನನ್ನ ತಕರಾರಿದೆ.

ನಾವು ಉಸಿರಾಡುವ ಗಾಳಿ ಮೊದಲಿನಿಂದಲೂ ಹೀಗೆಯೇ ಇದ್ದುದಲ್ಲ. ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷ. ಅದರಲ್ಲಿ ಹೆಚ್ಚುಕಡಿಮೆ ಮೊದಲರ್ಧ ಕಾಲ ವಾಯುಮಂಡಲದಲ್ಲಿ ಆಮ್ಲಜನಕವೇ ಇರಲಿಲ್ಲವೆನ್ನಬೇಕು. ಸಾರಜನಕ, ಇಂಗಾಲದ ಡೈಆಕ್ಸೈಡ್, ನೀರಾವಿ, ಒಂದಿಷ್ಟು ಮೀಥೇನ್ ಸೇರಿದ್ದೇ ಅಂದಿನ ಗಾಳಿ. ಅದನ್ನು ಬದಲಿಸಿದವು ಕಣ್ಣಿಗೆ ಕಾಣದ ನೀಲಿ-ಹಸಿರು ಸೂಕ್ಷ್ಮಜೀವಿಗಳು. ಬಿಸಿಲಿನ ಬಲದಿಂದ ನೀರನ್ನು ಒಡೆದು ಅವು ಹೊರಬಿಟ್ಟ ಆಮ್ಲಜನಕ ಬಹುಕಾಲ ಗಾಳಿಯಲ್ಲಿ ನಿಲ್ಲಲಿಲ್ಲ. ಕಡಲಿನಲ್ಲಿ ಕರಗಿದ್ದ ಕಬ್ಬಿಣವು ಅದರೊಡನೆ ಕೂಡಿ, ತುಕ್ಕಾಗಿ ತಳ ಸೇರಿತೆಂಬುದು ಭೂವಿಜ್ಞಾನಿಗಳಲ್ಲಿ ಬಹುಮಂದಿಯ ವಿವರಣೆ. ಸಂಡೂರು, ಕುದುರೆಮುಖ, ಬಾಬಾಬುಡನ್‌ಗಿರಿಗಳ ಪಟ್ಟೆಪಟ್ಟೆಯಾದ ಅದಿರು, ೨೫೦ ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಕುಳಿತ ಮಡ್ಡಿ. ನಾವು ಹಡಗಿಗೆ ತುಂಬಿ ಹೊರದೇಶಗಳಿಗೆ ಮಾರಿದ್ದು ಗಾಳಿಯ ಆ ಹಳೆಯ ದಾಖಲೆಯನ್ನೇ.

ಸುಮಾರು ೨೪೦ ಕೋಟಿ ವರ್ಷಗಳ ಹಿಂದೆ ಆಮ್ಲಜನಕ ಗಾಳಿಯಲ್ಲಿ ನೆಲೆಯೂರತೊಡಗಿತು. ಅದುವರೆಗೆ ಬಾಳಿದ್ದ ಅನೇಕ ಜೀವಿಗಳಿಗೆ ಅದು ವಿಷ. ಅವುಗಳ ಸಂತತಿ ಇಂದಿಗೂ ಕೆಸರಿನಲ್ಲಿ, ಜಾನುವಾರುಗಳ ಹೊಟ್ಟೆಯಲ್ಲಿ ತಲೆಮರೆಸಿಕೊಂಡಿದೆ. ಇಂದಿನ ಶೇಕಡಾ ೨೧ರ ಆಸುಪಾಸಿಗೆ ಆಮ್ಲಜನಕ ಏರಲು ಮತ್ತೆ ಸುಮಾರು ೨೦೦ ಕೋಟಿ ವರ್ಷಗಳೇ ಬೇಕಾದವು.

ಮುಂಬಯಿ, ಪುಣೆಗಳಲ್ಲಿರುವ ನಾವು ಇನ್ನೊಂದು ದಾಖಲೆಯ ಮೇಲೆಯೇ ಮನೆ ಮಾಡಿದ್ದೇವೆ. ರೈಲು ಖಂಡಾಲಾ ಘಾಟಿಯನ್ನೇರುವಾಗ ಕಾಣುವ, ಮೆಟ್ಟಿಲು ಕಡಿದಂತಿರುವ ಕರಿಕಲ್ಲು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ. ಅದರೊಡನೆ ಇಂಗಾಲದ ಡೈಆಕ್ಸೈಡ್, ಗಂಧಕದ ಅನಿಲಗಳು ಅಪಾರವಾಗಿ ಗಾಳಿಗೆ ಸೇರಿದವು. ಡೈನೋಸಾರುಗಳು ಅಳಿದದ್ದೂ ಆ ಕಾಲದಲ್ಲೇ. ಮೆಕ್ಸಿಕೋದ ಬಳಿ ಅಪ್ಪಳಿಸಿದ ಕ್ಷುದ್ರಗ್ರಹವೇ ಅದಕ್ಕೆ ಮುಖ್ಯ ಕಾರಣವೆಂದು ಹೆಚ್ಚಿನವರ ಮತ. ನಮ್ಮ ಕರಿಕಲ್ಲಿನ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಭೂಮಿ ಪ್ರತಿ ಸಲವೂ ತನ್ನನ್ನು ನೋಡಿಕೊಂಡಿತು, ನಿಜ. ಆದರೆ ತನ್ನ ಮೇಲಿದ್ದವರನ್ನೆಲ್ಲ ಅದು ನೋಡಿಕೊಂಡಿತೆಂದು ಯಾವ ಕಲ್ಲೂ ಹೇಳುವುದಿಲ್ಲ. ನನ್ನ ಮಿತ್ರರು ಮರೆತದ್ದು ಇದನ್ನು. ಅವರು ಮರೆತ ಇನ್ನೊಂದು ಸಂಗತಿ ವೇಗ. ದಖ್ಖನಿನ ಲಾವಾ ಹರಿಯಲು ಲಕ್ಷಾಂತರ ವರ್ಷ ಹಿಡಿಯಿತು. ನಾವಾದರೋ, ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದ ಕಲ್ಲಿದ್ದಲು, ತೈಲಗಳನ್ನು ಸುಟ್ಟು, ಹತ್ತು ಲಕ್ಷಕ್ಕೆ ೨೮೦ ಪಾಲಿದ್ದ ಇಂಗಾಲದ ಡೈಆಕ್ಸೈಡನ್ನು ಇನ್ನೂರು ಚಿಲ್ಲರೆ ವರ್ಷಗಳಲ್ಲಿ ೪೨೦ನ್ನು ದಾಟಿಸಿದ್ದೇವೆ. ಅಂಟಾರ್ಕ್ಟಿಕಾದ ಮಂಜಿನಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪ್ರಕಾರ, ಇದಕ್ಕೂ ಹಿಂದಿನ ೮ ಲಕ್ಷ ವರ್ಷಗಳಲ್ಲಿ ಅದು ೩೦೦ರ ಸುಮಾರನ್ನು ಮೀರಿದ್ದೇ ಇಲ್ಲ.

ಇದನ್ನು ಬರೆಯುವಾಗ ನನಗೆ ಸಂಕೋಚವೂ ಇದೆ. ರಸಾಯನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದವನು ನಾನು. ನನ್ನ ಮಕ್ಕಳ ವಿದ್ಯೆ, ಈ ಊರಿನ ಮನೆ, ಎಲ್ಲವೂ ಅದರ ಋಣ. ಹೊಟ್ಟೆಪಾಡಿಗಾಗಿ ಹೊರನಾಡಿಗೆ ಬಂದ ನಮ್ಮಲ್ಲನೇಕರ ಕಥೆಯೂ ಇದೇ. ಆದ್ದರಿಂದ ಯಾರನ್ನೂ ದೂರುವ ಅಧಿಕಾರ ನನಗಿಲ್ಲ. ಆದರೆ ಆ ಸೂಕ್ಷ್ಮಜೀವಿಗಳಿಗೆ ತಾವೇನು ಮಾಡುತ್ತಿದ್ದೇವೆಂಬುದು ತಿಳಿದಿರಲಿಲ್ಲ. ನಮಗೆ ತಿಳಿದಿದೆ. ತಿಳಿದ ಮೇಲೂ "ಬಿಡಿ" ಎನ್ನುವುದು ನಮಗೆ ಶೋಭಿಸದು.

ನಾಟಕ, ಯಕ್ಷಗಾನಗಳಿಗೆ ಸಂಘ ವರ್ಷದಲ್ಲಿ ಎಷ್ಟೋ ಸಂಜೆಗಳನ್ನು ಮೀಸಲಿಡುತ್ತದೆ. ನಾವು ನಿಂತ ನೆಲದ, ಉಸಿರಾಡುವ ಗಾಳಿಯ ಕಥೆಗೂ ಒಂದು ಸಂಜೆಯಿರಲಿ. ಅದು ಕನ್ನಡದಲ್ಲೇ ನಡೆಯಲಿ. ಆ ಹಿರಿಯ ಮಿತ್ರರನ್ನೇ ಅಧ್ಯಕ್ಷತೆಗೆ ಕರೆಯೋಣವೆಂದು ನನ್ನ ಸೂಚನೆ.