ಇಟಗಿಯ ದಾರಿಗೊಂದು ಕೈಮರ

ನಮ್ಮ ಪ್ರವಾಸೋದ್ಯಮದ ಕಣ್ಣು ಹಂಪಿ, ಪಟ್ಟದಕಲ್ಲು, ಬೇಲೂರು ಬಿಟ್ಟು ಆಚೆ ಹೊರಳುವುದು ಕಡಿಮೆ. ಗದಗದಿಂದ ಒಬ್ಬರೇ ಬೈಕ್ ಹತ್ತಿ ಹಳ್ಳಿದಾರಿ ಹಿಡಿದವರಿಗೆ ಕಲ್ಯಾಣ ಚಾಲುಕ್ಯರ ನಾಡು ಒಂದೇ ದಿನದಲ್ಲಿ ದಕ್ಕುತ್ತದೆ: ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಡಂಬಳದಲ್ಲಿ ನಕ್ಷತ್ರಾಕಾರದ ದೊಡ್ಡಬಸಪ್ಪ ಗುಡಿ, ಇಟಗಿಯಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದ ದೇಗುಲ. ಬಸ್ಸು ಬದಲಿಸುತ್ತಾ ಇಷ್ಟನ್ನೂ ಒಂದು ದಿನದಲ್ಲಿ ನೋಡುವುದು ಕಷ್ಟ. ಹಾಗಾಗಿ ಒಂಟಿ ಸವಾರರನ್ನು ಶೋಕಿಗಾಗಿ ಅಲೆಯುವವರೆಂದು ತಳ್ಳಿಹಾಕದೆ, ಇಂಥ ಊರುಗಳಿಗೆ ಒಗ್ಗುವ ಪ್ರವಾಸಿಗರೆಂದು ಇಲಾಖೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. (ಸೈಲೆನ್ಸರ್ ಬದಲಿಸಿ ಗುಡುಗುವವರ ಮಾತು ಬೇರೆ, ಅವರಿಗೆ ದಂಡವೇ ಮದ್ದು.)

ಒಬ್ಬರೇ ಹೋಗುವುದು ಅಪಾಯ ಎಂಬ ಆಕ್ಷೇಪ ಸುಳ್ಳಲ್ಲ. ಸುಗ್ಗಿಯಲ್ಲಿ ಡಾಂಬರಿನ ಮೇಲೇ ಒಕ್ಕಣೆ ನಡೆಯುತ್ತದೆ. ಹರಡಿದ ಹೊಟ್ಟಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ. ರೈತರನ್ನು ಬೈದು ಫಲವಿಲ್ಲ, ಊರಿಗೊಂದು ಕಣ ಕಟ್ಟಿಕೊಟ್ಟರೆ ಇಬ್ಬರಿಗೂ ಒಳ್ಳೆಯದು. ಜನ ಹೆಚ್ಚಿದರೆ ಗುಡಿ ಹಾಳಾಗುತ್ತದೆ ಎನ್ನುವವರೂ ಇದ್ದಾರೆ. ಬಸ್ಸುಗಟ್ಟಲೆ ಬಂದರೆ ಹೌದು. ಗಾಡಿ ನಿಲ್ಲಿಸಿ, ಶಿಲ್ಪ ನೋಡಿ, ಖಾನಾವಳಿಯಲ್ಲಿ ರೊಟ್ಟಿ ಉಂಡು ಹೋಗುವ ಒಬ್ಬರಿಂದ ಊರಿಗೆ ಹೊರೆಯೇನು? ಇಂಥ ಸವಾರರಿಗೆ ಅನುಕೂಲ ಮಾಡಿಕೊಡಲು ರಸ್ತೆ ಅಗಲೀಕರಣದ ಕೋಟಿಗಳೂ ಬೇಡ. ಕೂಡುರಸ್ತೆಗೊಂದು ಓದಲು ಬರುವ ಕೈಮರ, ಗುಡಿಯ ಹತ್ತಿರ ಕುಡಿಯುವ ನೀರು, ಬೀಗ ಹಾಕದ ಶೌಚಾಲಯ, ಇಷ್ಟು ಒಂದು ವರ್ಷದೊಳಗೇ ಆಗುವ ಕೆಲಸ.