ನಮ್ಮ ವಿಶ್ವಾಸವನ್ನು ನಮ್ಮಿಂದಲೇ ಕೇಳಿ

ನಮ್ಮ ಕಾಲೇಜಿನಲ್ಲಿ ದೇವರ ಮಾತಾಡಲು ಯಾರೂ ನಾಚುವುದಿಲ್ಲ. ಸಮಾರಂಭ ಶುರುವಾಗುವುದು ಕಿರಾಅತ್‌ನಿಂದ. ಶುಕ್ರವಾರ ಜುಮಾ ಇರುವುದರಿಂದ ಮಧ್ಯಾಹ್ನದ ಬಿಡುವು ಉದ್ದ. ಪರೀಕ್ಷೆಗೆ ಹೊರಟವರು ‘ಇನ್ ಶಾ ಅಲ್ಲಾಹ್’ ಅನ್ನುತ್ತಾರೆ, ಫಲಿತಾಂಶ ಬಂದಾಗ ‘ಅಲ್‌ಹಮ್ದುಲಿಲ್ಲಾಹ್’ ಅನ್ನುತ್ತಾರೆ. ನಾನು ಇಲ್ಲಿಗೆ ಸೇರುವಾಗ ನೆಂಟರಲ್ಲಿ ಕೆಲವರು ‘ನಿನಗೆ ಅಲ್ಲಿ ಹೊಂದಿಕೊಳ್ಳಲು ಕಷ್ಟ’ ಎಂದಿದ್ದರು. ನನ್ನ ಅನುಭವ ಬೇರೆ. ನಾನು ಕ್ಯಾಥೊಲಿಕ್ ಕ್ರೈಸ್ತಳು. ದೇವರನ್ನು ನಂಬುವವರ ನಡುವೆ ‘ನಾನೂ ನಂಬುತ್ತೇನೆ’ ಎನ್ನಲು ಸಂಕೋಚಪಡಬೇಕಾಗಿಲ್ಲ. ಊಟಕ್ಕೆ ಮೊದಲು ನಾನು ಶಿಲುಬೆಯ ಗುರುತು ಮಾಡಿಕೊಂಡರೆ ಪಕ್ಕದ ಗೆಳತಿ ಡಬ್ಬಿ ತೆರೆಯದೆ ಕಾಯುತ್ತಾಳೆ.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಇದೆ. ನಮ್ಮಲ್ಲಿ ಗೌರವ ಧಾರಾಳ, ಮಾತು ಕಡಿಮೆ. ಕ್ರಿಸ್ಮಸ್‌ಗೆ ತಂದ ಕುಸ್ವಾರ್ ಎರಡು ನಿಮಿಷದಲ್ಲಿ ಖಾಲಿಯಾಗುತ್ತದೆ. ಈದ್‌ನ ಬಿರಿಯಾನಿಯಲ್ಲಿ ನನಗೂ ಪಾಲಿದೆ. ಆದರೆ ಆ ಹಬ್ಬ ಯಾಕೆ, ಅದರಿಂದ ನಿನ್ನ ಬದುಕಿನಲ್ಲಿ ಏನಾಗುತ್ತದೆ ಎಂದು ಕೇಳುವವರು ವಿರಳ. ಕೇಳಿದರೂ ನಾವು ಕ್ರೈಸ್ತ ವಿದ್ಯಾರ್ಥಿಗಳು ಬಾಯಿ ತುಂಬ ಉತ್ತರಿಸುವುದು ವಿರಳ. ಈ ಮಾತು ನಡೆಯಬೇಕು, ಅದಕ್ಕೆ ನಮ್ಮ ಕಾಲೇಜಿನಷ್ಟು ಒಳ್ಳೆಯ ಜಾಗ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಮೌನಕ್ಕೆ ಕಾರಣವಿದೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನಲ್ಲಿ ಮತ್ತು ಸುತ್ತಮುತ್ತ ಪ್ರಾರ್ಥನಾಲಯಗಳ ಮೇಲೆ ದಾಳಿ ನಡೆಯಿತು. ಆಗ ನಾನು ಹುಟ್ಟಿರಲಿಲ್ಲ. ಆದರೂ ಆ ದಿನಗಳ ಭಯ ನಮ್ಮ ಮನೆಯ ಮಾತಿನಲ್ಲಿ ಇನ್ನೂ ಇದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗ ‘ಹೊರಗೆ ಧರ್ಮದ ವಿಷಯ ತೆಗೆಯಬೇಡ, ಯಾರು ಏನು ಅರ್ಥ ಮಾಡಿಕೊಳ್ಳುತ್ತಾರೋ’ ಎಂದು ಅಜ್ಜಿ ಎಚ್ಚರಿಸಿದರು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ಇಷ್ಟು ಸಣ್ಣ ಸಮುದಾಯದ ಮಕ್ಕಳು ‘ನನ್ನ ಪ್ರಾರ್ಥನೆ ನನಗೆ ಧೈರ್ಯ ಕೊಡುತ್ತದೆ’ ಎಂದು ಹೇಳುವ ಮುನ್ನವೂ ಎರಡು ಸಲ ಯೋಚಿಸುತ್ತಾರೆ. ತಾನು ಯಾರೆಂದು ಹೇಳಿದ್ದೇ ಅನುಮಾನಕ್ಕೆ ಕಾರಣವಾದರೆ ಎಷ್ಟು ನೋವಾಗುತ್ತದೆ ಎಂಬುದು ಇಲ್ಲಿನ ಮುಸ್ಲಿಂ ಗೆಳತಿಯರಿಗೆ ನಾನು ವಿವರಿಸಬೇಕಾಗಿಲ್ಲ. ಅದು ಅವರಿಗೂ ಗೊತ್ತು.

ಮಾತಾಡಿದರೆ ಏನು ಸಿಗುತ್ತದೆ? ಒಂದು ಉದಾಹರಣೆ ಹೇಳುತ್ತೇನೆ. 2025ರಲ್ಲಿ ನಮ್ಮ ಬೂದಿ ಬುಧವಾರ ಮಾರ್ಚ್ 5ರಂದು ಬಂತು. ಅದೇ ವಾರ ರಮಝಾನ್ ಉಪವಾಸವೂ ಆರಂಭವಾಗಿತ್ತು. ನಮ್ಮ ನಲವತ್ತು ದಿನಗಳ ತಪಸ್ಸುಕಾಲದ ಬಗ್ಗೆ ಹೇಳಿದಾಗ ಗೆಳತಿಯೊಬ್ಬಳು, ‘ನೀರು ಕುಡಿಯಬಹುದಾ? ಹಾಗಾದರೆ ಅದೆಂಥ ಉಪವಾಸ ಮಾರಾಯ್ತಿ!’ ಎಂದು ನಕ್ಕಳು. ನಾನೂ ನಕ್ಕೆ. ಆಮೇಲೆ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಹೊತ್ತು ಹೊಟ್ಟೆ ತುಂಬ ಊಟ, ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ಇಲ್ಲ, ಉಳಿಸಿದ್ದು ಬಡವರಿಗೆ ಎಂದು ವಿವರಿಸಿದೆ. ಅವಳು ಸಹರಿಯಿಂದ ಇಫ್ತಾರ್ ತನಕದ ತನ್ನ ದಿನವನ್ನು, ಝಕಾತ್ ಲೆಕ್ಕ ಹಾಕುವ ಕ್ರಮವನ್ನು ಹೇಳಿದಳು. ಹಸಿವಿಗೂ ಬಡವನ ಪಾಲಿಗೂ ಇರುವ ಸಂಬಂಧ ಇಬ್ಬರ ಮನೆಯಲ್ಲೂ ಒಂದೇ ಎಂದು ತಿಳಿಯಲು ನಮಗೆ ಬೇಕಾದದ್ದು ಅರ್ಧ ಗಂಟೆ.

ಇನ್ನೊಂದು ಮಾತು. ಯೇಸುವಿನ ವಿಷಯ ಬಂದಾಗ ‘ನಿಮ್ಮ ಯೇಸುವೇ ನಮ್ಮ ಈಸಾ, ಎಲ್ಲ ಒಂದೇ’ ಎಂದು ಹೇಳಿ ಮುಗಿಸುವುದು ಸುಲಭ. ಅದರಲ್ಲಿ ಪ್ರೀತಿ ಇದೆ, ನಿಜವೂ ಸ್ವಲ್ಪ ಇದೆ. ಪವಿತ್ರ ಕುರ್‌ಆನಿನ 19ನೇ ಅಧ್ಯಾಯಕ್ಕೆ ಮರ್ಯಮರ ಹೆಸರೇ ಇದೆ. ಕುರ್‌ಆನಿನಲ್ಲಿ ಹೆಸರು ಹೇಳಿ ಪ್ರಸ್ತಾಪಿಸಿದ ಏಕೈಕ ಮಹಿಳೆ ಅವರೇ. ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಹೊಸ ತೆನೆ ತಂದು ಆ ತಾಯಿಯ ಜನ್ಮದಿನ ಆಚರಿಸುವ ನನಗೆ ಇದು ತಿಳಿದಾಗ ಸಂತೋಷವಾಯಿತು. ಆದರೆ ನಮ್ಮಲ್ಲಿ ವ್ಯತ್ಯಾಸವೂ ದೊಡ್ಡದೇ. ನಿಮಗೆ ಈಸಾ ಒಬ್ಬ ಪ್ರವಾದಿ. ನಮಗೆ ಯೇಸು ದೇವಪುತ್ರ. ಅವರು ಶಿಲುಬೆಯ ಮೇಲೆ ಸತ್ತು ಮೂರನೆಯ ದಿನ ಎದ್ದರು ಎಂಬುದೇ ನಮ್ಮ ವಿಶ್ವಾಸದ ತಿರುಳು. ಇದನ್ನು ಮುಚ್ಚಿಟ್ಟು ಬೆಳೆಸಿದ ಗೆಳೆತನ ಎಷ್ಟು ದಿನ ಬಾಳುತ್ತದೆ? ‘ಇಲ್ಲಿ ನಮಗೆ ಒಪ್ಪಿಗೆಯಿಲ್ಲ’ ಎಂದು ನೇರವಾಗಿ ಹೇಳಿ, ಅದೇ ಬೆಂಚಿನಲ್ಲಿ ಕೂತು ಲೆಕ್ಕಶಾಸ್ತ್ರದ ನೋಟ್ಸ್ ಹಂಚಿಕೊಳ್ಳುವ ಗೆಳೆತನದಲ್ಲಿ ನನಗೆ ಹೆಚ್ಚು ನಂಬಿಕೆ.

‘ಕಾಲೇಜು ಓದುವ ಜಾಗ, ಧರ್ಮ ಮನೆಯಲ್ಲಿರಲಿ’ ಎನ್ನುವ ಸಹಪಾಠಿಗಳಿದ್ದಾರೆ. ಮಾತು ಜಗಳಕ್ಕೆ ತಿರುಗಬಹುದು ಎಂಬ ಅವರ ಆತಂಕ ಸುಳ್ಳಲ್ಲ. ಆದರೆ ನಾವಿಲ್ಲಿ ಮಾತಾಡದಿದ್ದರೆ ನಮ್ಮ ಬಗ್ಗೆ ವಾಟ್ಸ್ಆ್ಯಪ್ ಮಾತಾಡುತ್ತದೆ. ಚರ್ಚ್ ಒಳಗೆ ಏನು ನಡೆಯುತ್ತದೆ, ಮಸೀದಿಯಲ್ಲಿ ಏನು ಹೇಳಿಕೊಡುತ್ತಾರೆ ಎಂಬುದನ್ನು ಅಲ್ಲಿಗೆ ಎಂದೂ ಹೋಗದವರು ಬರೆದು ಕಳಿಸುತ್ತಾರೆ. ಅದನ್ನು ತಿದ್ದಲು ಪಕ್ಕದಲ್ಲೇ ಕೂರುವ ಸಹಪಾಠಿಗಿಂತ ಒಳ್ಳೆಯ ಸಾಕ್ಷಿ ಯಾರು?

ಸಂವಿಧಾನವೂ ನಮ್ಮ ಜೊತೆಗಿದೆ. 30ನೇ ವಿಧಿಯ ಬಲದಿಂದ ಅಲ್ಪಸಂಖ್ಯಾತರು ತಮ್ಮ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುತ್ತಾರೆ. ನಮ್ಮ ಕಾಲೇಜಿಗೂ, ಜೆಸ್ವಿತರು 1880ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜಿಗೂ ಆ ಹಕ್ಕು ಒಂದೇ. 25ನೇ ವಿಧಿ ತನ್ನ ಧರ್ಮವನ್ನು ಬಹಿರಂಗವಾಗಿ ಹೇಳಿಕೊಳ್ಳುವ ಸ್ವಾತಂತ್ರ್ಯವನ್ನು ಪ್ರತಿಯೊಬ್ಬರಿಗೂ ಕೊಡುತ್ತದೆ. ಸರಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು ಎಂದು 28ನೇ ವಿಧಿ ಹೇಳುತ್ತದೆ. ಅಂದರೆ ಹೇಳುವ ಸ್ವಾತಂತ್ರ್ಯವೂ ಕೇಳದೆ ಇರುವ ಸ್ವಾತಂತ್ರ್ಯವೂ ಎರಡೂ ಇವೆ. ನಮ್ಮಲ್ಲಿ ನೈತಿಕ ಶಿಕ್ಷಣದ ತರಗತಿ ಇದೇ ಕ್ರಮದಲ್ಲಿ ನಡೆಯುತ್ತಿದೆ. ಅದಕ್ಕಾಗಿ ಉಪನ್ಯಾಸಕರಿಗೆ ಕೃತಜ್ಞತೆಗಳು.

ಪ್ರಾಂಶುಪಾಲರಲ್ಲಿ ಮತ್ತು ಆಡಳಿತ ಮಂಡಳಿಯಲ್ಲಿ ನನ್ನದೊಂದು ವಿನಂತಿ. ತಿಂಗಳಿಗೊಂದು ನೈತಿಕ ಶಿಕ್ಷಣದ ಅವಧಿಯನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿ. ಮುಸ್ಲಿಂ, ಕ್ರೈಸ್ತ, ಹಿಂದೂ, ಜೈನ, ದೇವರನ್ನು ನಂಬದವರು, ಹೀಗೆ ಒಂದೊಂದು ತಿಂಗಳು ಒಬ್ಬರು ಹತ್ತು ನಿಮಿಷ ಮಾತಾಡಲಿ. ಉಳಿದ ಸಮಯ ಪ್ರಶ್ನೆಗಳಿಗೆ. ಬರಲು ಇಷ್ಟವಿದ್ದವರು ಮಾತ್ರ ಬರಲಿ. ನಿಯಮ ಮೂರೇ ಸಾಕು: ತನ್ನ ವಿಶ್ವಾಸದ ಬಗ್ಗೆ ಮಾತ್ರ ಮಾತಾಡಬೇಕು, ಇನ್ನೊಬ್ಬರದನ್ನು ಹಳಿಯಬಾರದು, ಯಾರನ್ನೂ ತನ್ನ ಕಡೆಗೆ ಕರೆಯಬಾರದು. ಉಪನ್ಯಾಸಕರೊಬ್ಬರು ಜೊತೆಗಿದ್ದರೆ ಒಳ್ಳೆಯದು.

ಕ್ರೈಸ್ತ ಸಹಪಾಠಿಗಳೇ, ನಮಗೂ ಕೆಲಸವಿದೆ. ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಬಾಯಿಪಾಠ ಮಾಡಿದ್ದನ್ನು ನಮ್ಮದೇ ಮಾತಿನಲ್ಲಿ ಹೇಳಲು ಕಲಿಯಬೇಕು. ಗೊತ್ತಿಲ್ಲದ್ದಕ್ಕೆ ‘ಕೇಳಿ ಬಂದು ಹೇಳುತ್ತೇನೆ’ ಎಂದರೆ ಸಾಕು, ಯಾರೂ ಅಂಕ ಕಳೆಯುವುದಿಲ್ಲ.

ಉಳಿದವರಲ್ಲಿ ಒಂದೇ ಕೋರಿಕೆ. ಈ ಸಲ ಕುಸ್ವಾರ್ ತಿನ್ನುವಾಗ ಒಂದು ಪ್ರಶ್ನೆಯನ್ನೂ ಕೇಳಿ. ಉತ್ತರ ನಿಮಗೆ ಒಪ್ಪಿಗೆಯಾಗಬೇಕೆಂದಿಲ್ಲ, ಪೂರ್ತಿ ಕೇಳಿಸಿಕೊಂಡರೆ ಸಾಕು. ನಾವೂ ನಿಮ್ಮನ್ನು ಹಾಗೆಯೇ ಕೇಳುತ್ತೇವೆ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ