ಟೈಸನ್‌ಗೆ ನೆಪ, ಡಗ್ಲಾಸ್‌ಗೆ ನಿಂದೆ

ಬಾಕ್ಸರ್ ಮೈಕ್ ಟೈಸನ್ ಮಾತು ಬಂದಾಗಲೆಲ್ಲ ಟೋಕಿಯೊ ಸೋಲಿಗೆ ಅವೇ ಹಳೆಯ ನೆಪಗಳು: ತಾಲೀಮು ಸರಿಯಾಗಿ ಮಾಡಿರಲಿಲ್ಲ, ಮನಸ್ಸಿಗೆ ನೆಮ್ಮದಿಯಿರಲಿಲ್ಲ, ರೆಫರಿ ನಿಧಾನವಾಗಿ ಎಣಿಸಿದ. ಕೇಳಿ ಕೇಳಿ ರೋಸಿಹೋಗಿದೆ. 1990ರ ಫೆಬ್ರುವರಿ 11ರಂದು ಬಸ್ಟರ್ ಡಗ್ಲಾಸ್ ಅವನನ್ನು ಹತ್ತನೇ ಸುತ್ತಿನಲ್ಲಿ ಹೊಡೆದು ಕೆಡವಿದ. ಅಷ್ಟು ಒಪ್ಪಿಕೊಳ್ಳಲು ಈ ಜನಕ್ಕೆ ಇಷ್ಟು ಸಂಕಟವೇಕೆ?

ಎಂಟನೇ ಸುತ್ತಿನ ಕೊನೆಗೆ ಡಗ್ಲಾಸ್ ಬಿದ್ದಾಗ ರೆಫರಿ ಆಕ್ಟೇವಿಯೊ ಮೇರಾನ್‌ನ ಎಣಿಕೆ ಟೈಮ್‌ಕೀಪರ್‌ಗಿಂತ ಹಿಂದೆ ಬಿದ್ದಿತ್ತು. ಇರಲಿ. ಬಿದ್ದವನು ಕಿವಿಗೊಡಬೇಕಾದದ್ದು ರೆಫರಿಯ ಎಣಿಕೆಗೆ, ಗಡಿಯಾರಕ್ಕಲ್ಲ. ಡಗ್ಲಾಸ್ ಒಂಬತ್ತಕ್ಕೆ ಎದ್ದು ನಿಂತ. ಬಿದ್ದ ಕೂಡಲೇ ಸಿಟ್ಟಿನಿಂದ ನೆಲಕ್ಕೆ ಗುದ್ದಿದವನಿಗೆ ಪ್ರಜ್ಞೆ ಇರಲಿಲ್ಲ ಎನ್ನುವವರು ಆ ಪಂದ್ಯವನ್ನು ನೋಡಿಯೇ ಇಲ್ಲ.

ಎಣಿಕೆಯ ಬಗ್ಗೆ ಬಾಯಿ ಬಡಿದುಕೊಳ್ಳುವವರು ಅಂಕಪಟ್ಟಿಯ ಬಗ್ಗೆ ಏಕೆ ಸೊಲ್ಲೆತ್ತುವುದಿಲ್ಲ? ಒಂಬತ್ತು ಸುತ್ತು ಮುಗಿದಾಗ ಒಬ್ಬ ತೀರ್ಪುಗಾರ ಡಗ್ಲಾಸ್‌ಗೆ 88-82 ಕೊಟ್ಟಿದ್ದ. ಇನ್ನೊಬ್ಬನ ಲೆಕ್ಕ 86-86. ಮೂರನೆಯವನ ಪ್ರಕಾರ 87-86ರಿಂದ ಟೈಸನ್ ಮುಂದಿದ್ದ! ಟೈಸನ್‌ನ ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಊತ ಇಳಿಸಲು ಅವನ ಕಡೆಯವರ ಹತ್ತಿರ ಸರಿಯಾದ ಸಲಕರಣೆಯೂ ಇರದೆ, ರಬ್ಬರ್ ಗ್ಲವ್ಸಿಗೆ ತಣ್ಣೀರು ತುಂಬಿ ಒತ್ತುತ್ತಿದ್ದರು. ಅಂಥವನು ಮುಂದಿದ್ದನಂತೆ. ಹನ್ನೆರಡು ಸುತ್ತೂ ನಡೆದು ತೀರ್ಪು ಇವರ ಕೈಗೆ ಹೋಗಿದ್ದರೆ ಡಗ್ಲಾಸ್‌ಗೆ ಗೆಲುವು ದಕ್ಕುವ ಭರವಸೆ ಏನಿತ್ತು? ಅನ್ಯಾಯದ ಅಂಚಿನಲ್ಲಿ ಇದ್ದವನು ಡಗ್ಲಾಸ್, ಟೈಸನ್ ಅಲ್ಲ.

ನಾಕೌಟ್ ಆದಮೇಲೂ ಬಿಡಲಿಲ್ಲ. ಪ್ರವರ್ತಕ ಡಾನ್ ಕಿಂಗ್ ಪ್ರತಿಭಟಿಸಿದ್ದೇ ತಡ, ಬಾಕ್ಸಿಂಗ್ ಸಂಸ್ಥೆಗಳಾದ ಡಬ್ಲ್ಯುಬಿಸಿ ಮತ್ತು ಡಬ್ಲ್ಯುಬಿಎ ಎರಡೂ ಹೊಸ ಚಾಂಪಿಯನ್‌ಗೆ ಮಾನ್ಯತೆ ತಡೆಹಿಡಿದವು. ಐಬಿಎಫ್ ಮಾತ್ರ ಅವನ ಜೊತೆ ನಿಂತಿತು. ಜನ ಛೀಮಾರಿ ಹಾಕಿದ ಮೇಲೆ, ಕೆಲವೇ ದಿನಗಳಲ್ಲಿ ಉಳಿದವರು ಬಾಲ ಮುದುರಿಕೊಂಡರು. ಪ್ರಶಸ್ತಿ ಪಂದ್ಯಗಳ ಸಂಭಾವನೆಯಲ್ಲಿ ಪಾಲು ತಿಂದು ಬದುಕುವ ಸಂಸ್ಥೆಗಳಿಗೆ ಬೇಕಾದದ್ದು ದುಡ್ಡು ತರುವ ಚಾಂಪಿಯನ್. ಟೈಸನ್‌ಗೆ ಮುಂದಿನ ಎದುರಾಳಿಯಾಗಿ ಹೋಲಿಫೀಲ್ಡ್ ಆಗಲೇ ಗೊತ್ತಾಗಿದ್ದ. ನಡುವೆ ಸಿಕ್ಕ ಡಗ್ಲಾಸ್ ಬಿದ್ದು ದಾರಿ ಬಿಡಬೇಕಿತ್ತು, ಅಷ್ಟೇ.

ಲಾಸ್ ವೇಗಸ್‌ನ ಮಿರಾಜ್ ಕ್ಯಾಸಿನೊದಲ್ಲಿ ಅವನ ಮೇಲಿನ ಬಾಜಿ 42ಕ್ಕೆ 1ರವರೆಗೆ ಹೋಗಿತ್ತು. ಬಹುತೇಕ ಕಡೆ ಬಾಜಿಯನ್ನೇ ತೆಗೆದಿರಲಿಲ್ಲ. ಪಂದ್ಯಕ್ಕೆ ಕೆಲವೇ ವಾರ ಮುಂಚೆ ತಾಯಿ ಲೂಲಾ ಪರ್ಲ್ ತೀರಿಕೊಂಡಿದ್ದರು. ನೆಪ ಬೇಕಿದ್ದರೆ ಡಗ್ಲಾಸ್‌ಗಿಂತ ದೊಡ್ಡ ನೆಪ ಯಾರಿಗಿತ್ತು? ಆ ದುಃಖ ಹೊತ್ತುಕೊಂಡೇ ಕೊಲಂಬಸ್‌ನಿಂದ ಟೋಕಿಯೊಗೆ ಹೋಗಿ, 37 ಪಂದ್ಯಗಳಲ್ಲಿ ಒಮ್ಮೆಯೂ ಸೋಲದವನನ್ನು ಎಡಗೈ ಜ್ಯಾಬ್‌ನಿಂದ ದೂರವೇ ನಿಲ್ಲಿಸಿ ಆಡಿದ.

ಉಳ್ಳವನು ಸೋತರೆ ಕಾರಣ ಹುಡುಕುತ್ತೇವೆ, ಇಲ್ಲದವನು ಸೋತರೆ ಅವನ ಯೋಗ್ಯತೆಯೇ ಅಷ್ಟು ಎನ್ನುತ್ತೇವೆ. ರಿಂಗಿನಲ್ಲಷ್ಟೇ ಅಲ್ಲ, ಪರೀಕ್ಷೆಯಲ್ಲಿ, ನೌಕರಿಯಲ್ಲಿ, ಚುನಾವಣೆಯಲ್ಲಿ ಎಲ್ಲೆಲ್ಲೂ ಇದೇ ನಮ್ಮ ನ್ಯಾಯ. ಅದೇ ವರ್ಷ ಅಕ್ಟೋಬರ್‌ನಲ್ಲಿ ಡಗ್ಲಾಸ್ 246 ಪೌಂಡ್ ಮೈ ಹೊತ್ತು ಬಂದು ಹೋಲಿಫೀಲ್ಡ್ ಎದುರು ಮೂರನೇ ಸುತ್ತಿನಲ್ಲೇ ಮಲಗಿದ. ತಯಾರಿ ಇರಲಿಲ್ಲ ಎಂದು ಯಾರೂ ಅವನನ್ನು ಕ್ಷಮಿಸಲಿಲ್ಲ. ಸೋಮಾರಿ, ಒಂದು ದಿನದ ರಾಜ ಎಂದರು. ಟೈಸನ್‌ನ ಸೋಮಾರಿತನಕ್ಕೆ ಮಾತ್ರ ಇಂದಿಗೂ ಮರುಗುತ್ತಾರೆ.